ತೈಪೆಯ ಸಣ್ಣ ಹೋಟೆಲಿನಲ್ಲಿ ಊಟ: ಚೀಟಿ ತುಂಬುವುದರಿಂದ ತಟ್ಟೆ ಎತ್ತಿಡುವವರೆಗೆ

ನಮ್ಮ ಕಡೆಯಿಂದ ಕೆಲಸದ ಮೇಲೆ ತೈವಾನಿಗೆ ಹೋಗಿಬರುವವರು ಬಹಳ ಮಂದಿ. ಚಿಪ್ ಕಂಪನಿಗಳಲ್ಲಿರುವ ಬೆಂಗಳೂರಿನ ಎಂಜಿನಿಯರುಗಳು ಅಲ್ಲಿನ ಚಿಪ್ ಉದ್ಯಮದ ಊರಾದ ಶಿನ್‌ಚುಗೆ ಹೋಗುತ್ತಾರೆ. ದೇವನಹಳ್ಳಿ ಕಡೆ ತೈವಾನಿನ ಫಾಕ್ಸ್‌ಕಾನ್ ಕಂಪನಿ ಬಂದಮೇಲೆ ಅಲ್ಲಿನ ರಾಜಧಾನಿ ತೈಪೆಯ ಹೆಸರು ಇನ್ನಷ್ಟು ಮನೆಗಳಲ್ಲಿ ಕೇಳುತ್ತಿದೆ. ಹೊರಡುವ ಮುಂಚೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. "ರಸ್ತೆ ಬದಿಯ ಸಣ್ಣ ಹೋಟೆಲುಗಳಲ್ಲಿ ಊಟ ಮಾಡೋದು ಹೇಗೆ? ಮೆನು ಓದೋಕೆ ಬರಲ್ಲ, ಭಾಷೆ ಗೊತ್ತಿಲ್ಲ, ನಾನು ಸಸ್ಯಾಹಾರಿ ಬೇರೆ."

ಇಷ್ಟಕ್ಕೇ ಹೆದರಿ ಎಷ್ಟೋ ಜನ ಪೂರ್ತಿ ಪ್ರವಾಸವನ್ನು ಮಾಲ್‌ನ ಫುಡ್ ಕೋರ್ಟಿನಲ್ಲೇ ಕಳೆದು ಬರುತ್ತಾರೆ. ನನಗೆ ಅದು ತುಂಬಾ ಬೇಜಾರಿನ ವಿಷಯ. ತೈಪೆಯ ನಿಜವಾದ ಊಟ ಇರುವುದು ಆರೇಳು ಮೇಜಿನ, ಬಾಗಿಲಲ್ಲೇ ಒಲೆ ಇಟ್ಟುಕೊಂಡ ಅಂಗಡಿಗಳಲ್ಲಿ. ಗಂಡ ಹೆಂಡತಿ ಸೇರಿ ನಡೆಸುವ, ನಾಲ್ಕಾರು ಐಟಂಗಳನ್ನಷ್ಟೇ ಮಾಡುವ ಜಾಗಗಳಿವು. ಇಲ್ಲಿ ಯಾರೂ ಮೇಜಿನ ಹತ್ತಿರ ಬಂದು "ಏನು ಕೊಡಲಿ ಸಾರ್" ಅನ್ನುವುದಿಲ್ಲ. ಆರ್ಡರ್ ಹೇಳುವ ಕೆಲಸವನ್ನು ಒಂದು ಕಾಗದದ ಚೀಟಿ ಮಾಡುತ್ತದೆ. ನಮ್ಮ ದರ್ಶಿನಿಯಲ್ಲಿ ಹೇಗೆ ಟೋಕನ್ನಿಗೆ ಒಂದು ಕ್ರಮ ಇದೆಯೋ ಹಾಗೆ ಇಲ್ಲಿ ಈ ಚೀಟಿಗೂ ಇದೆ. ಆ ಕ್ರಮ ಗೊತ್ತಾದರೆ ಭಾಷೆ ಇಲ್ಲದೆಯೂ ಹೊಟ್ಟೆ ತುಂಬುತ್ತದೆ.

ಜೊತೆಗೆ ಏನೇನಿರಬೇಕು

ಚಿಲ್ಲರೆ ದುಡ್ಡು ಇರಲಿ. 100 ತೈವಾನ್ ಡಾಲರಿನ ನೋಟುಗಳು, 10 ಮತ್ತು 50ರ ನಾಣ್ಯಗಳು ಬಹಳ ಉಪಯೋಗಕ್ಕೆ ಬರುತ್ತವೆ. ಬಹಳಷ್ಟು ಸಣ್ಣ ಅಂಗಡಿಗಳು ಕಾರ್ಡ್ ತೆಗೆದುಕೊಳ್ಳುವುದಿಲ್ಲ. ಗೋಡೆಯ ಮೇಲೆ ಪೇಮೆಂಟ್ ಕೋಡ್ ಅಂಟಿಸಿದ್ದರೂ ಅದು ಸಾಮಾನ್ಯವಾಗಿ ಅಲ್ಲಿನ ಆ್ಯಪ್‌ಗಳಿಗೆ ಮಾತ್ರ. ನಮ್ಮ ಫೋನಿನಿಂದ ಕೆಲಸ ಆಗುತ್ತದೆ ಅಂತ ನಂಬಿ ಕೂರಬೇಡಿ.

ಫೋನಿನಲ್ಲಿ ಇಂಟರ್ನೆಟ್ ಇರಲಿ. ಕ್ಯಾಮೆರಾ ಹಿಡಿದರೆ ಅನುವಾದ ಮಾಡುವ ಆ್ಯಪ್ ಇರಲಿ. ಅಚ್ಚಾದ ಮೆನುವನ್ನು ಅದು ಚೆನ್ನಾಗಿಯೇ ಓದುತ್ತದೆ. ಗೋಡೆಯ ಮೇಲೆ ಕುಂಚದಲ್ಲಿ ಬರೆದದ್ದನ್ನು ಓದುವಾಗ ತಡಬಡಾಯಿಸುತ್ತದೆ.

ಮೂರನೆಯದೇ ಎಲ್ಲಕ್ಕಿಂತ ಮುಖ್ಯ. ನಿಮ್ಮ ಊಟದ ನಿಯಮವನ್ನು ಚೀನೀ ಅಕ್ಷರಗಳಲ್ಲಿ ಬರೆಸಿ, ಫೋಟೋ ತೆಗೆದು ಇಟ್ಟುಕೊಳ್ಳಿ. ಹೋಟೆಲ್ ರಿಸೆಪ್ಷನ್ನಿನವರೋ ಆಫೀಸಿನ ಸಹೋದ್ಯೋಗಿಯೋ ಎರಡು ನಿಮಿಷದಲ್ಲಿ ಬರೆದುಕೊಡುತ್ತಾರೆ. ಸುಮ್ನೆ "ಸಸ್ಯಾಹಾರಿ" ಅಂತ ಬರೆಸಿದರೆ ಸಾಲದು. "ಮಾಂಸ, ಮೀನು, ಒಣ ಸಿಗಡಿ, ಹಂದಿ ಕೊಬ್ಬು, ಮೂಳೆಯ ಸಾರು ಬೇಡ, ಮೊಟ್ಟೆ, ಹಾಲು ಆಗುತ್ತದೆ" ಅಂತ ಬಿಡಿಸಿ ಬರೆಸಿ. ಮೊಟ್ಟೆ ಆಗದಿದ್ದರೆ ಅದನ್ನೂ ಸೇರಿಸಿ. ನೀವೇ ಆ್ಯಪ್‌ನಲ್ಲಿ ಮಾಡಿಕೊಳ್ಳುವುದಾದರೆ ಚೀನೀ ಭಾಷೆಯಲ್ಲಿ 'ಸಾಂಪ್ರದಾಯಿಕ' ಲಿಪಿಯನ್ನೇ ಆರಿಸಿ. ತೈವಾನಿನವರು ಬಳಸುವುದು ಅದನ್ನೇ.

ಹಂತ 1: ಸಮಯ ನೋಡಿ ಹೊರಡಿ

ಈ ಅಂಗಡಿಗಳು ಇಡೀ ದಿನ ತೆರೆದಿರುವುದಿಲ್ಲ. ತಿಂಡಿ ಅಂಗಡಿಗಳು ಬೆಳಗ್ಗೆ ಆರರ ಹೊತ್ತಿಗೆ ಶುರು ಮಾಡಿ ಹತ್ತೂವರೆ, ಹನ್ನೊಂದಕ್ಕೆ ಮುಚ್ಚುತ್ತವೆ. ಊಟದ ಅಂಗಡಿಗಳು ಹನ್ನೊಂದರಿಂದ ಎರಡರವರೆಗೆ, ಮತ್ತೆ ಸಂಜೆ ಐದರಿಂದ ಎಂಟರವರೆಗೆ. ಮಧ್ಯಾಹ್ನ ಮೂರಕ್ಕೆ ಹಸಿವಾಯಿತು ಅಂತ ಹೊರಟರೆ ಅರ್ಧಕ್ಕಿಳಿಸಿದ ಶಟರ್ ನೋಡಿಕೊಂಡು ವಾಪಸ್ ಬರಬೇಕಾಗುತ್ತದೆ. ಮಾಡಿದ್ದು ಖಾಲಿಯಾದರೆ ಹೇಳಿದ ಸಮಯಕ್ಕಿಂತ ಮೊದಲೇ ಮುಚ್ಚುವುದೂ ಉಂಟು. ಸೋಮವಾರ ರಜೆ ಮಾಡುವವರು ಸಾಕಷ್ಟಿದ್ದಾರೆ. ಚಾಂದ್ರಮಾನ ಹೊಸ ವರ್ಷದ ದಿನಗಳಲ್ಲಂತೂ ಸಣ್ಣ ಅಂಗಡಿಗಳು ಒಟ್ಟಿಗೇ ಬಾಗಿಲು ಹಾಕುತ್ತವೆ.

ಹನ್ನೆರಡರಿಂದ ಒಂದು ಗಂಟೆ ಆಫೀಸಿನವರ ಸಮಯ. ಮೊದಲ ಸಲ ಹೋಗುವವರು ಆ ಒಂದು ಗಂಟೆಯನ್ನು ಬಿಟ್ಟುಬಿಡಿ. ಹನ್ನೊಂದು ಕಾಲಿಗೆ ಹೋದರೆ ಅಂಗಡಿಯವರಿಗೂ ಪುರುಸೊತ್ತಿರುತ್ತದೆ. ನಿಮ್ಮ ಫೋಟೋ ಓದಿ, ತಲೆಯಾಡಿಸಿ, ಯಾವುದು ಆಗುತ್ತೆ ಅಂತ ಬೆರಳಿಟ್ಟು ತೋರಿಸುತ್ತಾರೆ.

ಹಂತ 2: ಬಾಗಿಲಲ್ಲೇ ಓದಿಕೊಳ್ಳಿ

ಒಳಗೆ ಕಾಲಿಡುವ ಮುಂಚೆ ಒಂದು ನಿಮಿಷ ಹೊರಗೆ ನಿಲ್ಲಿ. ಜನ ಏನು ತಿನ್ನುತ್ತಿದ್ದಾರೆ, ದುಡ್ಡು ಮೊದಲು ಕೊಡುತ್ತಿದ್ದಾರೋ ಕೊನೆಗೋ, ಚೀಟಿಯ ಕಟ್ಟು ಎಲ್ಲಿದೆ, ಎಲ್ಲವೂ ಅಲ್ಲಿಂದಲೇ ಕಾಣುತ್ತದೆ.

ಬೋರ್ಡಿನ ಮೇಲೆ ಸ್ವಸ್ತಿಕದ ಗುರುತಿದ್ದರೆ ಅದು ಸಸ್ಯಾಹಾರಿ ಅಂಗಡಿ. ಬೌದ್ಧರ ಗುರುತು ಅದು. ನಮ್ಮ ಮನೆ ಬಾಗಿಲ ಮೇಲೆ ಬರೆಯುವುದಕ್ಕೆ ತಿರುವು ಉಲ್ಟಾ ಇರುತ್ತದೆ, ಅಷ್ಟೇ. ಅದರ ಪಕ್ಕದಲ್ಲಿ 'ಸು' ಎಂದು ಓದುವ ಒಂದು ಅಕ್ಷರ (素) ದೊಡ್ಡದಾಗಿರುತ್ತದೆ. ಸಸ್ಯಾಹಾರ ಎಂಬುದಕ್ಕೆ ಅಲ್ಲಿ ಇದೇ ಮಾತು. ಆ ಅಕ್ಷರದ ರೂಪವನ್ನು ಒಮ್ಮೆ ಮನಸ್ಸಿನಲ್ಲಿ ಇಟ್ಟುಕೊಂಡರೆ ಬೀದಿ ತುಂಬಾ ಕಣ್ಣಿಗೆ ಬೀಳತೊಡಗುತ್ತದೆ. ತೈಪೆಯಲ್ಲಿ ಇಂಥ ಅಂಗಡಿಗಳು ಪ್ರತಿ ಬಡಾವಣೆಯಲ್ಲೂ ಸಿಗುತ್ತವೆ. ಹಲವನ್ನು ನಡೆಸುವವರು ಬೌದ್ಧರು ಅಥವಾ ಯಿಗ್ವಾನ್‌ದಾವ್ ಪಂಥದವರು.

ಇನ್ನೊಂದು ಗುರುತು ಕೌಂಟರಿನ ಹತ್ತಿರ ಸಿಗುತ್ತದೆ. ಹಂದಿ ಮತ್ತು ದನದ ಮಾಂಸ ಯಾವ ದೇಶದ್ದು ಅಂತ ಹೋಟೆಲಿನವರು ಬರೆದು ಹಾಕಬೇಕೆಂಬ ನಿಯಮ ಅಲ್ಲಿದೆ. ಹಂದಿ ಮಾಂಸಕ್ಕೆ ಇದು 2021ರ ಜನವರಿಯಿಂದ ಕಡ್ಡಾಯ. ಕ್ಯಾಮೆರಾ ಹಿಡಿದಾಗ ಅಂಥ ಫಲಕ ಕಂಡರೆ ಆ ಅಡುಗೆಮನೆಯಲ್ಲಿ ಏನು ಬೇಯುತ್ತಿದೆ ಅಂತ ಗೊತ್ತಾಯಿತಲ್ಲ.

ಗೋಮಾಂಸ ಬಿಟ್ಟವರು ಇದನ್ನು ತಿಳಿದಿರಿ. ಬೀಫ್ ನೂಡಲ್ಸ್ ತೈಪೆಯ ಹೆಸರಾಂತ ಊಟ. 'ನ್ಯೋ ರೋ ಮಿಯೆನ್' ಅಂತ ಕೇಳಿದರೆ ಅದೇ. 1949ರ ನಂತರ ಚೀನಾದಿಂದ ಬಂದ ಸೈನಿಕ ಕುಟುಂಬಗಳ ಅಡುಗೆಯಿಂದ ಅದು ಬೆಳೆದು ಬಂತು. ಆದರೆ ತೈವಾನಿನಲ್ಲೇ ಹುಟ್ಟಿ ಬೆಳೆದ ಹಳೆಯ ರೈತ ಕುಟುಂಬಗಳಲ್ಲಿ ಗೋಮಾಂಸ ತಿನ್ನದವರು ಈಗಲೂ ಇದ್ದಾರೆ. ಹೊಲ ಉತ್ತ ಎತ್ತು, ಕೋಣದ ಋಣ ಅದಕ್ಕೆ ಕಾರಣ. ಹಾಗಾಗಿ "ಬೀಫ್ ಬೇಡ" ಅಂದರೆ ಯಾರೂ ವಿಚಿತ್ರವಾಗಿ ನೋಡುವುದಿಲ್ಲ. ಹೇಳುವುದು ಹೀಗೆ: "ಬು ಛ ನ್ಯೋ ರೋ".

ಹಲಾಲ್ ಊಟ ಬೇಕಾದವರು 'ಚಿಂಗ್ ಝೆನ್' (清真) ಎಂಬ ಬೋರ್ಡ್ ಹುಡುಕಿ. ಶಿನ್‌ಶಂಗ್ ದಕ್ಷಿಣ ರಸ್ತೆಯಲ್ಲಿ ತೈಪೆಯ ದೊಡ್ಡ ಮಸೀದಿ ಇದೆ. ಶುಕ್ರವಾರ ಅಲ್ಲಿಗೆ ಬರುವವರನ್ನು ಕೇಳಿದರೆ ಹತ್ತಿರದ ಜಾಗಗಳನ್ನು ಅವರೇ ಹೇಳುತ್ತಾರೆ.

ಹಂತ 3: ಒಳಗೆ ಹೋಗಿ, ಕೂತು, ಮೇಜಿನ ನಂಬರ್ ನೋಡಿ

ಒಳಗೆ ಹೋದ ಕೂಡಲೇ ಎರಡು ಪ್ರಶ್ನೆ ಬರುತ್ತವೆ. ಎಷ್ಟು ಜನ? ಬೆರಳಲ್ಲಿ ತೋರಿಸಿ. ಇಲ್ಲೇ ತಿನ್ನುತ್ತೀರೋ, ಪಾರ್ಸೆಲ್ಲೋ? ಇಲ್ಲೇ ಅಂದರೆ 'ನೇಯ್ ಯೋಂಗ್', ಪಾರ್ಸೆಲ್ ಅಂದರೆ 'ವಾಯ್ ದಾಯ್'. ಉಚ್ಚಾರಣೆ ಸ್ವಲ್ಪ ಆಚೀಚೆ ಆದರೂ ನೆಲದ ಕಡೆ ಬೆರಳು ತೋರಿಸಿದರೆ ಅರ್ಥ ಮಾಡಿಕೊಳ್ಳುತ್ತಾರೆ.

ಖಾಲಿ ಇರುವ ಸ್ಟೂಲ್ ಎಳೆದುಕೊಂಡು ಕೂರಿ. ನಾಲ್ಕು ಜನರ ಮೇಜಿನಲ್ಲಿ ನೀವೊಬ್ಬರೇ ಇದ್ದರೆ ಅಪರಿಚಿತರನ್ನು ತಂದು ಎದುರಿಗೆ ಕೂರಿಸುತ್ತಾರೆ. ಅದು ಅಲ್ಲಿ ತೀರಾ ಮಾಮೂಲು. ಬ್ಯಾಗನ್ನು ಪಕ್ಕದ ಸ್ಟೂಲಿನ ಮೇಲೆ ಇಡಬೇಡಿ, ತೊಡೆಯ ಮೇಲೋ ಕಾಲ ಬಳಿಯೋ ಇಟ್ಟುಕೊಳ್ಳಿ.

ಕೂತ ತಕ್ಷಣ ಮೇಜಿನ ನಂಬರ್ ಹುಡುಕಿ. ಮೇಜಿನ ಮೂಲೆಯಲ್ಲಿ ಅಥವಾ ಪಕ್ಕದ ಗೋಡೆಯಲ್ಲಿ ಅಂಟಿಸಿರುತ್ತಾರೆ. ಹೊಸಬರು ಎಡವುವುದು ಇಲ್ಲೇ. ಚೀಟಿಯಲ್ಲಿ ಮೇಜಿನ ನಂಬರ್ ಬರೆಯದೆ ಕೊಟ್ಟರೆ ನಿಮ್ಮ ತಟ್ಟೆ ಎಲ್ಲಿಗೆ ಹೋಗಬೇಕು ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಹಂತ 4: ಚೀಟಿ ತುಂಬಿ

ಚೀಟಿ ಸಾಮಾನ್ಯವಾಗಿ ಅಂಗೈ ಅಗಲದ ಉದ್ದ ಕಾಗದ. ಕೌಂಟರಿನ ಮೇಲೋ ಮೇಜಿನ ಮೇಲೋ ಕಟ್ಟು ಇರುತ್ತದೆ, ಪಕ್ಕದಲ್ಲಿ ಡಬ್ಬಿಯ ತುಂಬ ಪೆನ್ನು ಪೆನ್ಸಿಲ್ಲು. ಕೆಲವು ಕಡೆ ಪ್ಲಾಸ್ಟಿಕ್ ಹಾಳೆ ಮೇಲೆ ಅಳಿಸಬಹುದಾದ ಪೆನ್ನಿನಿಂದ ಬರೆಯಬೇಕು. ಈಗೀಗ ಮೇಜಿನ ಮೇಲಿನ ಕೋಡ್ ಸ್ಕ್ಯಾನ್ ಮಾಡಿ ಫೋನಿನಲ್ಲೇ ಆರ್ಡರ್ ಮಾಡುವ ಅಂಗಡಿಗಳೂ ಇವೆ. ಅಲ್ಲಿ ಕೆಲಸ ಇನ್ನೂ ಸುಲಭ, ಏಕೆಂದರೆ ಫೋನಿನ ಬ್ರೌಸರೇ ಅನುವಾದ ಮಾಡಿಬಿಡುತ್ತದೆ.

ಕಾಗದದ ಚೀಟಿ ಸಿಕ್ಕರೆ ಓದುವುದು ಹೀಗೆ. ಮೇಲ್ಗಡೆ ಮೇಜಿನ ನಂಬರಿಗೆ ಜಾಗ, ಅದರ ಪಕ್ಕ 'ಇಲ್ಲೇ' ಮತ್ತು 'ಪಾರ್ಸೆಲ್' ಎಂಬ ಎರಡು ಚೌಕ. ಕೆಳಗೆ ಸಾಲುಸಾಲಾಗಿ ತಿನಿಸಿನ ಹೆಸರು, ಬೆಲೆ, ಖಾಲಿ ಚೌಕ. ಎಷ್ಟು ಬೇಕೋ ಆ ಸಂಖ್ಯೆಯನ್ನು ಚೌಕದಲ್ಲಿ ಬರೆಯಿರಿ. ಟಿಕ್ ಹಾಕುವ ಬದಲು 1 ಅಂತಲೇ ಬರೆಯುವುದು ಒಳ್ಳೆಯದು.

ಒಂದೇ ಸಾಲಿನಲ್ಲಿ ಎರಡು ಬೆಲೆ ಇದ್ದರೆ ಮೊದಲನೆಯದು ಚಿಕ್ಕ ಬಟ್ಟಲು, ಎರಡನೆಯದು ದೊಡ್ಡದು ಅಂತ ಊಹಿಸಬಹುದು. ಬೆಲೆ ನೋಡಿದರೆ ತಾನೇ ತಿಳಿಯುತ್ತದೆ. ನೂಡಲ್ಸ್ ಅಂಗಡಿಯಲ್ಲಿ ಇನ್ನೊಂದು ಆಯ್ಕೆ ಇರುತ್ತದೆ: ಸಾರಿನೊಳಗೆ ಮುಳುಗಿಸಿದ್ದು ಬೇಕೋ, ಸಾರಿಲ್ಲದೆ ಮಸಾಲೆ ಕಲಸಿದ್ದು ಬೇಕೋ. ಮೊದಲನೆಯದು 'ತಾಂಗ್', ಎರಡನೆಯದು 'ಗಾನ್'. ಗೋಧಿಯ ಎಳೆ, ಅಕ್ಕಿ ಶಾವಿಗೆ, ಅಕ್ಕಿಯ ಅಗಲ ಪಟ್ಟಿ, ಹೆಸರುಕಾಳಿನ ಪಿಷ್ಟದ ಪಾರದರ್ಶಕ ಎಳೆ ಎಂದು ಬೇರೆ ಬೇರೆ ಸಾಲುಗಳಿರಬಹುದು. ಅಕ್ಕಿ ಶಾವಿಗೆಗೆ 'ಮಿ ಫೆನ್' ಅನ್ನುತ್ತಾರೆ. ನಮ್ಮ ನಾಲಿಗೆಗೆ ಅದು ಬೇಗ ಒಗ್ಗುತ್ತದೆ.

ಬೆಲೆಯ ಅಂದಾಜು ಇರಲಿ. ಸಣ್ಣ ಅಂಗಡಿಯಲ್ಲಿ ಬೇಯಿಸಿದ ಸೊಪ್ಪಿನ ತಟ್ಟೆ 40ರಿಂದ 60 ಡಾಲರ್, ಅನ್ನದ ಚಿಕ್ಕ ಬಟ್ಟಲು 30ರಿಂದ 50, ಬೀಫ್ ನೂಡಲ್ಸ್ 150ರಿಂದ ಮೇಲಕ್ಕೆ. ರೂಪಾಯಿ ಲೆಕ್ಕಕ್ಕೆ ಎರಡೂವರೆಯಿಂದ ಮೂರು ಪಟ್ಟು ಮಾಡಿಕೊಳ್ಳಿ. ಬಟ್ಟಲುಗಳು ಚಿಕ್ಕವು. ಒಂದು ಅನ್ನ ಅಥವಾ ನೂಡಲ್ಸ್, ಒಂದು ಸೊಪ್ಪು, ಒಂದು ಸೂಪ್ ಸೇರಿದರೆ ಒಬ್ಬರ ಊಟ.

ತುಂಬಿದ ಚೀಟಿಯನ್ನು ಮೇಜಿನ ಮೇಲೆ ಇಟ್ಟು ಕಾಯುತ್ತಾ ಕೂರಬೇಡಿ. ಎದ್ದು ಹೋಗಿ ಕೌಂಟರಿನಲ್ಲಿ ಕೊಡಿ. ನಿಮ್ಮ ಊಟದ ನಿಯಮದ ಫೋಟೋ ತೋರಿಸಬೇಕಾದ್ದೂ ಇದೇ ಹೊತ್ತಿನಲ್ಲಿ, ಚೀಟಿಯ ಜೊತೆಗೇ. ತಟ್ಟೆ ಬಂದ ಮೇಲೆ ತೋರಿಸಿದರೆ ಇಬ್ಬರಿಗೂ ಕಷ್ಟ. ಅಂಗಡಿಯ ಯಜಮಾನರನ್ನು 'ಲಾವ್ ಬಾನ್' ಅಂತ, ಯಜಮಾನಿಯನ್ನು 'ಲಾವ್ ಬಾನ್ ನಿಯಾಂಗ್' ಅಂತ ಕರೆಯುತ್ತಾರೆ. ಹಾಗೆ ಕರೆದು ಮಾತಾಡಿಸಿ ನೋಡಿ, ಮುಖ ಅರಳುತ್ತದೆ.

ಸಸ್ಯಾಹಾರಿಗಳಿಗೆ ಇಲ್ಲಿ ಸ್ವಲ್ಪ ಜಾಸ್ತಿ ಹೇಳಬೇಕು

ಮಾಂಸದ ತುಂಡು ಕಣ್ಣಿಗೆ ಕಾಣುತ್ತದೆ, ಅದರಿಂದ ತಪ್ಪಿಸಿಕೊಳ್ಳಬಹುದು. ತೊಂದರೆ ಕೊಡುವುದು ಎಣ್ಣೆ ಮತ್ತು ಸಾರು. ಮಾಮೂಲಿ ಅಂಗಡಿಯಲ್ಲಿ ಬೇಯಿಸಿದ ಸೊಪ್ಪು ತರಿಸಿದಿರಿ ಅಂದುಕೊಳ್ಳಿ. ಗೆಣಸಿನ ಸೊಪ್ಪು, ನೀರಲ್ಲಿ ಬಾಡಿಸಿದ್ದು, ಹಸಿರಾಗಿ ಹೊಳೆಯುತ್ತಿರುತ್ತದೆ. ಮೇಲೆ ಕಂದು ಬಣ್ಣದ ಒಂದು ಚಮಚ ಗೊಜ್ಜು ಸುರಿದಿರುತ್ತಾರೆ. ಆ ಗೊಜ್ಜು ಹಂದಿ ಮಾಂಸವನ್ನು ಸಣ್ಣಗೆ ಕೊಚ್ಚಿ ಸೋಯಾ ಸಾಸಿನಲ್ಲಿ ಕುದಿಸಿದ್ದು, ಹೆಸರು 'ರೋ ಝಾವ್'. ಅನ್ನದ ಮೇಲೆ ಹಾಕುವ ಪ್ರಸಿದ್ಧ 'ಲು ರೋ ಫಾನ್' ಕೂಡ ಇದೇ ಜಾತಿಯದು. "ಬು ಯಾವ್ ರೋ ಝಾವ್" ಅಂದರೆ ಗೊಜ್ಜು ಹಾಕುವುದಿಲ್ಲ. ಆದರೆ ಸೊಪ್ಪಿನ ಮೇಲೆ ಉದುರಿಸಿದ ಹುರಿದ ಚಿಕ್ಕ ಈರುಳ್ಳಿ ಇದೆಯಲ್ಲ, ಅದನ್ನು ಬಹಳ ಕಡೆ ಹಂದಿ ಕೊಬ್ಬಿನಲ್ಲೇ ಕರಿದಿರುತ್ತಾರೆ. ಸಾರಿಲ್ಲದ ನೂಡಲ್ಸಿನ ಆ ಹೊಳಪು, ಘಮಕ್ಕೂ ಅನೇಕ ಸಲ ಅದೇ ಕೊಬ್ಬು ಕಾರಣ. ಬರೀ ಸೊಪ್ಪು ತೇಲುವ ಬಿಳಿ ಸಾರಿನ ಕೆಳಗೆ ಮೂಳೆ ಕುದ್ದಿರುತ್ತದೆ. ಮೂಲಂಗಿಯ ಕೇಕಿನಲ್ಲಿ ಒಣ ಸಿಗಡಿ ಸೇರಿಸುವುದು ರೂಢಿ.

ಆದ್ದರಿಂದ ನನ್ನ ಸಲಹೆ ನೇರವಾಗಿದೆ. ಕಟ್ಟುನಿಟ್ಟಿನ ಸಸ್ಯಾಹಾರಿಗಳು ಮಾಮೂಲಿ ಅಂಗಡಿಯಲ್ಲಿ "ಅದು ಬೇಡ, ಇದು ಬೇಡ" ಅಂತ ಒದ್ದಾಡಬೇಡಿ. 'ಸು' ಬೋರ್ಡಿನ ಅಂಗಡಿಗೇ ಹೋಗಿ. ಅದೇ ಚೀಟಿ, ಅದೇ ಸ್ಟೂಲು, ಅದೇ ತಿನಿಸುಗಳ ಸಸ್ಯಾಹಾರಿ ರೂಪ ಅಲ್ಲಿ ಸಿಗುತ್ತದೆ. ಅಣಬೆ ಮತ್ತು ಸೋಯಾದಿಂದ ಮಾಡಿದ ಗೊಜ್ಜು ಸುರಿದ ಅನ್ನ, ಎಳ್ಳಿನ ಪೇಸ್ಟ್ ಕಲಸಿದ ನೂಡಲ್ಸ್, ಎಲೆಕೋಸು ತುಂಬಿದ ಕಡುಬು, ಸೋಯಾ ಸಾಸು, ಎಳ್ಳೆಣ್ಣೆ, ಕಾಮಕಸ್ತೂರಿ ಜಾತಿಯ ಎಲೆ ಹಾಕಿ ಹುರಿದ ದಪ್ಪ ಅಣಬೆ. ಎಳ್ಳಿನ ನೂಡಲ್ಸ್ ನನ್ನ ಮೊದಲ ಆಯ್ಕೆ. ಹುರಿದ ಎಳ್ಳಿನ ಘಮ ಗಾಢವಾಗಿರುತ್ತದೆ, ತಳದಲ್ಲಿ ಸಾಸು ಇರುತ್ತದೆ. ಬಂದ ಕೂಡಲೇ ಬುಡದಿಂದ ಮೇಲಕ್ಕೆ ಚೆನ್ನಾಗಿ ಕಲಸಿ. ತಡಮಾಡಿದರೆ ಎಳೆಗಳು ಒಂದಕ್ಕೊಂದು ಅಂಟಿ ಗಂಟಾಗುತ್ತವೆ.

ಸಸ್ಯಾಹಾರದಲ್ಲೂ ಒಳಗುಂಪುಗಳಿವೆ. ತೈವಾನಿನಲ್ಲಿ ಪ್ಯಾಕೆಟ್ ತಿನಿಸುಗಳ ಮೇಲೆ ಐದು ಬಗೆಯಲ್ಲಿ ಗುರುತಿಸಬೇಕೆಂಬ ನಿಯಮವೇ ಇದೆ: ಪೂರ್ತಿ ಸಸ್ಯಜನ್ಯ, ಮೊಟ್ಟೆ ಸೇರಿದ್ದು, ಹಾಲು ಸೇರಿದ್ದು, ಎರಡೂ ಸೇರಿದ್ದು, ಬೆಳ್ಳುಳ್ಳಿ ಈರುಳ್ಳಿಯಂಥವು ಸೇರಿದ್ದು. ಅಂಗಡಿಯಲ್ಲೂ ಇದೇ ಮಾತುಗಳು ನಡೆಯುತ್ತವೆ. ಪೂರ್ತಿ ಸಸ್ಯಜನ್ಯ ಬೇಕಾದರೆ 'ಚ್ವಾನ್ ಸು'. ಮೊಟ್ಟೆ, ಹಾಲು ಆಗುತ್ತದೆ ಅಂದರೆ 'ದಾನ್ ನಾಯ್ ಸು'. ಬೆಳ್ಳುಳ್ಳಿ, ಈರುಳ್ಳಿ ಇರುವಂಥದ್ದು 'ವು ಶಿನ್ ಸು'.

ಈರುಳ್ಳಿ ಬೆಳ್ಳುಳ್ಳಿ ತಿನ್ನದ ನಮ್ಮ ಮನೆಗಳವರಿಗೆ ಇದು ಸಂತೋಷದ ಸುದ್ದಿ. 'ಚ್ವಾನ್ ಸು' ಅಂಗಡಿಯಲ್ಲಿ ಅವು ಇರುವುದೇ ಇಲ್ಲ. ಬೌದ್ಧರು ಬಿಡುವ ಐದು ಘಾಟು ಪದಾರ್ಥಗಳ ಪಟ್ಟಿಯಲ್ಲಿ ಇಂಗೂ ಸೇರಿದೆ, ಹಾಗಾಗಿ ನಮ್ಮ ತಿಳಿಸಾರಿನ ಘಮವನ್ನು ಅಲ್ಲಿ ಹುಡುಕಬೇಡಿ. ಜೈನರು ಮಾತ್ರ ಮೂಲಂಗಿ, ಗೆಡ್ಡೆಗಳ ವಿಷಯವನ್ನು ಬೇರೆಯಾಗಿ ಬರೆಸಿಕೊಳ್ಳಬೇಕು.

ಇಂಥ ಅಂಗಡಿಗಳಲ್ಲಿ ಮಾಂಸದಂತೆಯೇ ಕಾಣುವ ಸೋಯಾ ತುಂಡುಗಳು ಬರುತ್ತವೆ. ನೋಡಿ ಗಾಬರಿಯಾಗಬೇಡಿ. ಆದರೆ ಕೆಲವಕ್ಕೆ ಮೊಟ್ಟೆಯ ಬಿಳಿ ಭಾಗ ಬಳಸುತ್ತಾರೆ. ಮೊಟ್ಟೆ ಆಗದವರು ಕೇಳಿಯೇ ತಿನ್ನಿ.

ಸಸ್ಯಾಹಾರಿ ಬಫೆ ಕೂಡ ಪ್ರಯತ್ನಿಸಿ. ತಟ್ಟೆ ಅಥವಾ ಡಬ್ಬಿ ಹಿಡಿದು ಬೇಕಾದ್ದು ಹಾಕಿಕೊಳ್ಳುವುದು, ಕೊನೆಯಲ್ಲಿ ತೂಕ ಹಾಕಿಸಿ ಅಥವಾ ಕಣ್ಣಂದಾಜಿನಲ್ಲಿ ಬೆಲೆ ಕೇಳಿ ಕೊಡುವುದು. ಒಂದು ಮಾತೂ ಬೇಕಾಗಿಲ್ಲ. ತೂಕದ ಅಂಗಡಿಯಲ್ಲಿ ಕುಂಬಳಕಾಯಿ, ತೋಫುವಿನಂಥ ಭಾರದ ಪದಾರ್ಥ ಹಾಕಿಕೊಂಡರೆ ಬೆಲೆ ಏರುತ್ತದೆ, ಸೊಪ್ಪಿಗೆ ಅಷ್ಟಿಲ್ಲ. ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹದಿನೈದನೆಯ ದಿನ, ಅಂದರೆ ಅಮಾವಾಸ್ಯೆಯ ಹೊತ್ತಿಗೆ ಮತ್ತು ಹುಣ್ಣಿಮೆಯ ಹೊತ್ತಿಗೆ, ಅಲ್ಲಿ ಬಹಳ ಜನ ಮಾಂಸ ಬಿಡುತ್ತಾರೆ. ಅವತ್ತು ಈ ಅಂಗಡಿಗಳಲ್ಲಿ ನೂಕುನುಗ್ಗಲು. ಬೇಗ ಹೋಗಿ.

ಹಂತ 5: ಗಾಜಿನ ಕಪಾಟು

ಒಳಗೆ ಒಂದು ಗಾಜಿನ ಕಪಾಟು ಅಥವಾ ಚಿಕ್ಕ ಫ್ರಿಜ್ಜು ಇರುತ್ತದೆ. ಅದರಲ್ಲಿ ಅಂಗೈಯಷ್ಟು ತಟ್ಟೆಗಳಲ್ಲಿ ಬೆಳ್ಳುಳ್ಳಿ ಹಾಕಿ ಜಜ್ಜಿದ ಸೌತೆಕಾಯಿ, ಗಂಟು ಕಟ್ಟಿದ ಕಡಲಪಾಚಿ, ಕಂದು ಬಣ್ಣದ ಗಟ್ಟಿ ತೋಫು, ಮೆಣಸು ಹಾಕಿದ ಎಳೆ ಸೋಯಾಕಾಯಿ. ಇವಕ್ಕೆ 'ಶಿಯಾವ್ ತ್ಸಾಯ್' ಅಂತ ಹೆಸರು. ಸಾಮಾನ್ಯವಾಗಿ ನೀವೇ ತೆಗೆದುಕೊಳ್ಳಬಹುದು.

ಚಟ್ನಿ ಸಾಂಬಾರಿನ ಹಾಗೆ ಪುಕ್ಕಟೆ ಅಂದುಕೊಳ್ಳಬೇಡಿ. ಪ್ರತಿ ತಟ್ಟೆಗೂ ಬೆಲೆ ಇದೆ. ಖಾಲಿ ತಟ್ಟೆಗಳನ್ನು ಮೇಜಿನ ಮೇಲೇ ಇಟ್ಟಿರಿ, ಎಣಿಸಿ ಬಿಲ್ಲಿಗೆ ಸೇರಿಸುತ್ತಾರೆ. ಮುಂಗಡ ದುಡ್ಡು ಕೊಡುವ ಅಂಗಡಿಯಾದರೆ ತಟ್ಟೆಯನ್ನು ಕೌಂಟರಿಗೆ ತೋರಿಸಿಯೇ ತನ್ನಿ.

ಸಸ್ಯಾಹಾರಿಗಳು ಇಲ್ಲೂ ಎಚ್ಚರ. ಮಾಮೂಲಿ ಅಂಗಡಿಯ ಕಡಲಪಾಚಿ, ತೋಫು ಎರಡನ್ನೂ ಮಾಂಸ ಬೆಂದ ಅದೇ ಕಪ್ಪು ರಸದಲ್ಲಿ ಬೇಯಿಸಿರುತ್ತಾರೆ. ಕಡಲೆಕಾಯಿಯ ತಟ್ಟೆಯಲ್ಲಿ ಬೆಳ್ಳಗೆ ಸಣ್ಣ ಕಡ್ಡಿಗಳಂತೆ ಕಾಣುವುದು ಒಣ ಮೀನು. ತಣ್ಣನೆಯ ತೋಫುವಿನ ಮೇಲೆ ಹಾಳೆಯ ಚೂರಿನಂತೆ ಅಲುಗಾಡುವುದೂ ಮೀನೇ.

ಹಂತ 6: ಚಮಚ, ಸಾಸು, ನೀರು

ಚಾಪ್‌ಸ್ಟಿಕ್, ಚಮಚ, ಟಿಶ್ಯೂ ಎಲ್ಲವನ್ನೂ ನೀವೇ ತಂದುಕೊಳ್ಳಬೇಕು. ಗೋಡೆಯ ಪಕ್ಕದ ಸ್ಟ್ಯಾಂಡಿನಲ್ಲೋ ಮೇಜಿನ ಡಬ್ಬಿಯಲ್ಲೋ ಇರುತ್ತವೆ. ಚಾಪ್‌ಸ್ಟಿಕ್ ಬಾರದಿದ್ದರೆ ಮುಜುಗರ ಬೇಡ. ಚಮಚ ಎಲ್ಲ ಕಡೆ ಇರುತ್ತದೆ. ಫೋರ್ಕ್ ಬೇಕಿದ್ದರೆ 'ಛಾ ಝ' ಅಂತ ಕೇಳಿ.

ಸಾಸುಗಳಲ್ಲಿ ಗಟ್ಟಿಯಾಗಿ ಸುರಿಯುವ ಸಿಹಿ ಮಿಶ್ರಿತ ಸೋಯಾ, ಖಾರದ ಎಣ್ಣೆ, ಕಪ್ಪು ವಿನಿಗರ್, ಬಿಳಿ ಮೆಣಸಿನ ಪುಡಿ ಸಾಮಾನ್ಯ. 'ಶಾ ಛಾ' ಎಂಬ ಕಂದು ಪೇಸ್ಟಿನಲ್ಲಿ ಒಣ ಮೀನು, ಸಿಗಡಿ ಇರುತ್ತವೆ. ಅದು ಅಲ್ಲಿನವರ ಅಚ್ಚುಮೆಚ್ಚು, ಸಸ್ಯಾಹಾರಿಗಳಿಗೆ ವರ್ಜ್ಯ. ಅಲ್ಲಿನ ಊಟ ನಮಗೆ ಸಪ್ಪೆ ಅನ್ನಿಸುವುದು ಸಹಜ. ಮೊದಲ ನಾಲ್ಕು ತುತ್ತು ಹಾಗೇ ತಿಂದು ನೋಡಿ. ಆಮೇಲೆ ಖಾರದ ಎಣ್ಣೆ ಹಾಕಿಕೊಳ್ಳಿ.

ಕೂತ ಕೂಡಲೇ ನೀರು ತಂದಿಡುವ ಪದ್ಧತಿ ಇಲ್ಲ. ಮೂಲೆಯಲ್ಲಿ ಸ್ಟೀಲಿನ ಟ್ಯಾಂಕು, ಪಕ್ಕದಲ್ಲಿ ಲೋಟ ಇದ್ದರೆ ಅದು ಪುಕ್ಕಟೆ ಚಹಾ ಅಥವಾ ಸೂಪು. ಇಲ್ಲದಿದ್ದರೆ ಜನ ಸೂಪನ್ನೇ ಕುಡಿಯುತ್ತಾರೆ. ನಿಮ್ಮ ನೀರಿನ ಬಾಟಲಿ ಜೊತೆಗಿರಲಿ.

ಹಂತ 7: ತಿನ್ನುವಾಗ

ತಿನಿಸುಗಳು ಒಟ್ಟಿಗೆ ಬರುವುದಿಲ್ಲ. ಯಾವುದು ಮೊದಲು ಆಗುತ್ತದೋ ಅದು ಬರುತ್ತದೆ. ಎಲ್ಲ ಬರಲಿ ಅಂತ ಕಾಯುವುದು ಬೇಡ. ಬಟ್ಟಲನ್ನು ಎಡಗೈಯಲ್ಲಿ ಎತ್ತಿ ಬಾಯಿಯ ಹತ್ತಿರ ಹಿಡಿಯುವುದು ಸರಿಯಾದ ರೀತಿ. ನೂಡಲ್ಸ್ ಸುರ್‍ರೆಂದು ಎಳೆದರೂ ಯಾರೂ ತಿರುಗಿ ನೋಡುವುದಿಲ್ಲ.

ಚಾಪ್‌ಸ್ಟಿಕ್‌ಗಳನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಿ ನಿಲ್ಲಿಸುವುದು ಮಾತ್ರ ಖಂಡಿತ ಬೇಡ. ಸತ್ತವರಿಗೆ ಊದುಬತ್ತಿ ಹಚ್ಚಿದಂತೆ ಕಾಣುತ್ತದೆ, ಅಪಶಕುನ ಅನ್ನುತ್ತಾರೆ. ಬಟ್ಟಲಿನ ಮೇಲೆ ಅಡ್ಡ ಇಡಿ. ಉಳಿದದ್ದನ್ನು ಕಟ್ಟಿಸಿಕೊಳ್ಳಲು 'ದಾ ಬಾವ್' ಅಂದರೆ ಸಾಕು. ತಿಂದಾದ ಮೇಲೆ ಹರಟುತ್ತಾ ಕೂರಬೇಡಿ. ಬಾಗಿಲಲ್ಲಿ ಜನ ಕಾಯುತ್ತಿರುತ್ತಾರೆ.

ಹಂತ 8: ದುಡ್ಡು ಕೊಟ್ಟು ಏಳಿ

ಚೀಟಿ ಕೊಡುವಾಗಲೇ ದುಡ್ಡು ಕೇಳುವ ಅಂಗಡಿಗಳಿವೆ, ಹೊರಡುವಾಗ ಕೇಳುವವೂ ಇವೆ. ಗೊತ್ತಾಗದಿದ್ದರೆ ಚೀಟಿ ಕೊಡುವಾಗ ಪರ್ಸ್ ತೆಗೆದು ತೋರಿಸಿ. ಬೇಕಿದ್ದರೆ ತೆಗೆದುಕೊಳ್ಳುತ್ತಾರೆ, ಇಲ್ಲದಿದ್ದರೆ ಕೈ ಆಡಿಸುತ್ತಾರೆ. ಕೊನೆಯಲ್ಲಿ ಕೊಡುವುದಾದರೆ ಕೌಂಟರಿಗೆ ಹೋಗಿ 'ಮಾಯ್ ದಾನ್' ಅನ್ನಿ. ಟಿಪ್ಸ್ ಕೊಡುವ ರೂಢಿ ಇಲ್ಲ. ಮೇಜಿನ ಮೇಲೆ ಬಿಟ್ಟು ಬಂದರೆ ಮರೆತಿರಿ ಅಂತ ಹಿಂದೆಯೇ ಓಡಿಬಂದು ಕೊಡಬಹುದು. ಸರ್ವಿಸ್ ಚಾರ್ಜ್ 10% ಸೇರಿಸುವುದು ದೊಡ್ಡ ರೆಸ್ಟೋರೆಂಟುಗಳಲ್ಲಿ.

ಬಿಲ್ಲು ಕೊಟ್ಟರೆ ಎಸೆಯಬೇಡಿ. ತೈವಾನಿನ ಸರಕಾರಿ ಬಿಲ್ಲಿನ ಮೇಲೆ ಎಂಟು ಅಂಕಿಯ ನಂಬರ್ ಇರುತ್ತದೆ. ಅದೇ ಲಾಟರಿ ಟಿಕೆಟ್. ಜನವರಿ, ಮಾರ್ಚ್, ಮೇ ಹೀಗೆ ತಿಂಗಳು ಬಿಟ್ಟು ತಿಂಗಳು 25ನೇ ತಾರೀಕಿಗೆ ಡ್ರಾ ಆಗುತ್ತದೆ. ಅತಿ ದೊಡ್ಡ ಬಹುಮಾನ 1 ಕೋಟಿ ತೈವಾನ್ ಡಾಲರ್, ವಿದೇಶಿಯರಿಗೂ ಸಿಗುತ್ತದೆ. ತೀರಾ ಸಣ್ಣ ಅಂಗಡಿಗಳಿಗೆ ಈ ಬಿಲ್ಲಿನಿಂದ ವಿನಾಯಿತಿ ಇರುವುದರಿಂದ ಕೊಡದಿದ್ದರೆ ಮೋಸ ಅಂದುಕೊಳ್ಳಬೇಡಿ.

ಹೊರಡುವ ಮುಂಚೆ ಸುತ್ತ ನೋಡಿ. ಬೇರೆಯವರು ತಟ್ಟೆ ಎತ್ತಿ ಮೂಲೆಯ ಟಬ್ಬಿಗೆ ಹಾಕುತ್ತಿದ್ದರೆ ನೀವೂ ಹಾಕಿ. ಎಂಜಲು, ಕಾಗದ, ಪ್ಲಾಸ್ಟಿಕ್ಕಿಗೆ ಬೇರೆ ಬೇರೆ ಬುಟ್ಟಿ ಇರುತ್ತದೆ.

ತಿಂಡಿ ಅಂಗಡಿಯಿಂದ ಶುರು ಮಾಡುವುದಾದರೆ

ಧೈರ್ಯ ಸಾಲದವರು ಬೆಳಗಿನ ತಿಂಡಿಯಿಂದ ಶುರು ಮಾಡಿ. ಸೋಯಾ ಹಾಲು 'ದೋ ಜಿಯಾಂಗ್', ಬಿಸಿಯಾಗಿ ಸಿಹಿಯಾಗಿ ಸಿಗುತ್ತದೆ. ಜೊತೆಗೆ 'ಯೋ ತಿಯಾವ್' ಎಂಬ ಉದ್ದನೆಯ ಕರಿದ ಹಿಟ್ಟಿನ ಕೋಲು. ಅದನ್ನು ಹಾಲಿನಲ್ಲಿ ಅದ್ದಿ ತಿನ್ನಬೇಕು. ಹೊರಪದರ ಗರಿಗರಿಯಾಗಿದ್ದು ಒಳಗಿನ ಟೊಳ್ಳು ಹಾಲು ಹೀರಿಕೊಳ್ಳುವ ಆ ಒಂದು ಕ್ಷಣ ಬಹಳ ಚೆನ್ನಾಗಿರುತ್ತದೆ. ತೈಪೆಯ ಹೊಳೆಯಾಚೆಗಿನ ಯೋಂಗ್‌ಹ ಊರು ಈ ತಿಂಡಿಗೆ ಹೆಸರುವಾಸಿ. ಮೊಟ್ಟೆ ತಿನ್ನುವವರು ತೆಳು ರೊಟ್ಟಿಗೆ ಮೊಟ್ಟೆ ಹಚ್ಚಿ ಸುತ್ತಿದ 'ದಾನ್ ಬಿಂಗ್' ತಗೊಳ್ಳಿ. ಕಾವಲಿ ಒಂದೇ, ಅದರ ಮೇಲೆ ಮಾಂಸವೂ ಬೆಂದಿರುತ್ತದೆ, ತಿಳಿದಿರಲಿ. ಸೋಯಾ ಹಾಲಿನ ಉಪ್ಪಿನ ರೂಪಕ್ಕೆ ಒಣ ಸಿಗಡಿ ಹಾಕುತ್ತಾರೆ. ಸಿಹಿಯದನ್ನೇ ಕೇಳಿ.

ಊಟದ ನಂತರ 'ದೋ ಹ್ವಾ' ಸಿಗುವ ಅಂಗಡಿ ಕಂಡರೆ ಬಿಡಬೇಡಿ. ಮೃದುವಾದ ತೋಫುವಿಗೆ ಬೆಲ್ಲದ ಬಣ್ಣದ ಪಾಕ, ಬೇಯಿಸಿದ ಕಡಲೆಕಾಯಿ, ಕೆಂಪು ಕಾಳು. ಬೇಸಿಗೆಯಲ್ಲಿ ಮಂಜು ಹಾಕಿ ಕೊಡುತ್ತಾರೆ, ಚಳಿಗಾಲದಲ್ಲಿ ಬಿಸಿಯಾಗಿ.

ಬಬಲ್ ಟೀ ಕೊಳ್ಳುವಾಗ ಸಕ್ಕರೆ ಎಷ್ಟು, ಐಸ್ ಎಷ್ಟು ಅಂತ ಕೇಳುತ್ತಾರೆ. ಅರ್ಧ ಸಕ್ಕರೆ 'ಬಾನ್ ತಾಂಗ್', ಐಸ್ ಬೇಡ ಅಂದರೆ 'ಚ್ಯೂ ಬಿಂಗ್'. ಆದರೆ ಆ ಲೋಟ ಹಿಡಿದು ಮೆಟ್ರೋಗೆ ಹೋಗುವುದಾದರೆ ಸ್ಟೇಷನ್ನಿನ ಗೇಟಿಗೆ ಮುಂಚೆ ನೆಲದ ಮೇಲಿರುವ ಹಳದಿ ಗೆರೆಯನ್ನು ಗಮನಿಸಿ. ಅದನ್ನು ದಾಟಿದ ಮೇಲೆ ತಿನ್ನುವಂತಿಲ್ಲ, ಕುಡಿಯುವಂತಿಲ್ಲ, ನೀರನ್ನೂ ಸಹ. ದಂಡ 1,500ರಿಂದ 7,500 ಡಾಲರ್. ಗೆರೆಯ ಈಚೆಗೇ ನಿಂತು ಕುಡಿದು ಮುಗಿಸಿ, ಇಲ್ಲವೇ ಮುಚ್ಚಳ ಹಾಕಿ ಚೀಲದಲ್ಲಿ ಇಟ್ಟುಕೊಳ್ಳಿ.